ಮೇಜಿನಿಂದ ಬೇಗ ಏಳಬೇಡ

ಚಿಕ್ಕಮಗಳೂರು

ಪ್ರೀತಿಯ ಪುಟ್ಟನಿಗೆ ಚಿಕ್ಕಮ್ಮನ ಆಶೀರ್ವಾದಗಳು.

ನಿನ್ನೆ ನಿಮ್ಮಮ್ಮ ಫೋನ್ ಮಾಡಿದ್ದಳು. ನಿನಗೆ ಬ್ರೆಜಿಲ್‌ನ ಬೆಲೊ ಹೊರಿಜೊಂಟೆಗೆ ಎರಡು ವರ್ಷದ ಪೋಸ್ಟಿಂಗ್ ಆಗಿದೆಯಂತೆ. ಹೇಳುತ್ತಿದ್ದದ್ದು ಖುಷಿಯ ಸುದ್ದಿ, ದನಿಯಲ್ಲಿ ಇದ್ದದ್ದು ಮಾತ್ರ ಒಂದೇ ಚಿಂತೆ: "ಅಲ್ಲಿ ಮಗುವಿಗೆ ಅನ್ನ ಸಿಗುತ್ತೇನೇ?" ಮಗುವಿಗೆ ಇಪ್ಪತ್ತೇಳು ವರ್ಷ. ಇರಲಿ. ಸಿಗುತ್ತದೆ ಅಂತ ಹೇಳಿ ಸಮಾಧಾನ ಮಾಡಿದ್ದೇನೆ. ಅನ್ನ ಮತ್ತು ಕಾಳಿನ ಸಾರು ಇಲ್ಲದೆ ಆ ದೇಶದಲ್ಲಿ ಮಧ್ಯಾಹ್ನದ ಊಟವೇ ನಡೆಯುವುದಿಲ್ಲ.

ನಾನೂ ನಿನ್ನ ಚಿಕ್ಕಪ್ಪನೂ 2008ರಿಂದ 2014ರವರೆಗೆ ಅದೇ ಊರಿನಲ್ಲಿದ್ದೆವು. ಊರಿನ ಹೆಸರು ಉದ್ದ ಅಂತ ಹೆದರಬೇಡ. ಅಲ್ಲಿಯವರೇ ಅಷ್ಟು ಉದ್ದ ಹೇಳುವುದಿಲ್ಲ. ‘ಬೆಅಗಾ’ ಅಂತಾರೆ, ಅಂದರೆ ಬಿ ಎಚ್. ರಾಜ್ಯದ ಹೆಸರು ಮಿನಾಸ್ ಜೆರಾಯ್ಸ್. ಬ್ರೆಜಿಲ್‌ನಲ್ಲಿ ಅತಿ ಹೆಚ್ಚು ಕಾಫಿ ಬೆಳೆಯುವ ರಾಜ್ಯ ಅದು. ಹೋದ ವಾರವೇ ನಿಮ್ಮ ಚಿಕ್ಕಪ್ಪ ಗುಡ್ಡದ ಮೇಲಿನ ತೋಟ ನೋಡುತ್ತಾ, "ಈ ಮರದ ನೆರಳು ಒಂದು ಬಿಟ್ಟರೆ ಥೇಟ್ ಮಿನಾಸ್ ನೋಡು" ಅಂದರು. ಅಲ್ಲಿ ಕಾಫಿಗಿಡ ಬಿಸಿಲಲ್ಲೇ ನಿಂತಿರುತ್ತದೆ. ನಮ್ಮಂಥ ತೋಟದವರಿಗೆ ಅದನ್ನು ನೋಡಿದರೆ ಹೊಟ್ಟೆ ಚುರುಕ್ ಅನ್ನುತ್ತದೆ.

ಸಾಮಾನು ಪಟ್ಟಿ ಬರೆದು ಕಳಿಸು ಅಂದಳು ನಿಮ್ಮಮ್ಮ. ಪಟ್ಟಿ ಬೇಡ. ನಾನು ಮಾಡಿದ ಒಂದು ತಪ್ಪು ಹೇಳುತ್ತೇನೆ.

ನಾವು ಹೋದ ಹೊಸದು. ಕೆಳಗಿನ ಮನೆಯಲ್ಲಿ ಒಬ್ಬ ಅಜ್ಜಿ ಇದ್ದರು. ಎರಡನೇ ವಾರ ಬಾಗಿಲು ತಟ್ಟಿ, ನಗುತ್ತಾ ಒಂದು ಪಾತ್ರೆ ಕಾಳಿನ ಸಾರು ಕೊಟ್ಟರು. ಅದರಲ್ಲಿ ಹಂದಿ ಕೊಬ್ಬಿನ ತುಂಡು ತೇಲುತ್ತಿತ್ತು. ನಾನು ಮುಖ ಕಿವುಚಿ, ಬೇಡ ಬೇಡ ಅಂತ ಕೈ ಆಡಿಸಿ, ಅಲ್ಲೇ ವಾಪಸ್ ಕೊಟ್ಟೆ. ಭಾಷೆ ಬರುತ್ತಿರಲಿಲ್ಲ, ನಿಜ. ಒಳಗೆ ಕರೆದು ಕೂರಿಸುವುದಕ್ಕೆ ಭಾಷೆ ಬೇಕಾ? ಆಮೇಲೆ ಯಾರು ಕರೆದರೂ ಇದೇ ಕಥೆ. ಅಲ್ಲಿ ತಿನ್ನೋಕೆ ಏನಿರುತ್ತೆ ಅಂತ ನಾವೇ ತೀರ್ಮಾನ ಮಾಡಿಕೊಂಡು, ನಾಲ್ಕು ಮನೆ ಬೆಂಗಳೂರಿನವರು, ಎರಡು ಮನೆ ಹೈದರಾಬಾದಿನವರು ಸೇರಿಕೊಂಡು ಶನಿವಾರ ಭಾನುವಾರ ಕಳೆದುಬಿಟ್ಟೆವು. ಎಂಟು ತಿಂಗಳು. ಬ್ರೆಜಿಲ್‌ನಲ್ಲಿ ಕೂತು ಜಯನಗರದ ಟ್ರಾಫಿಕ್ ಬಗ್ಗೆ ಮಾತಾಡಿದೆವು!

ಕೊನೆಗೆ ದಾರಿ ಮಾಡಿಕೊಟ್ಟದ್ದು ಆ ಅಜ್ಜಿಯೇ. ಒಂದು ದಿನ ಮೆಟ್ಟಿಲ ಬಳಿ ಕೈ ಹಿಡಿದು ಎಳೆದುಕೊಂಡು ಹೋಗಿ, ಅಡುಗೆಮನೆಯಲ್ಲಿ ಕೂರಿಸಿ, ಓವನ್‌ನಿಂದ ಬಿಸಿಬಿಸಿ ಪಾಂವ್ ಜಿ ಕೇಜು ತೆಗೆದು ಮುಂದಿಟ್ಟರು. ಅಂದರೆ ಚೀಸ್ ಬನ್ನು, ನಿಂಬೆಹಣ್ಣಿನ ಗಾತ್ರದ್ದು. ಮೈದಾ ಅಲ್ಲ, ಮರಗೆಣಸಿನ ಹಿಟ್ಟು. ಗೆಣಸನ್ನು ತುರಿದು, ನೀರಲ್ಲಿ ತೊಳೆದು, ತಳದಲ್ಲಿ ನಿಂತದ್ದನ್ನು ಒಣಗಿಸಿದರೆ ಬರುವ ಪುಡಿ. ಅದಕ್ಕೆ ಪೊಲ್ವಿಲ್ಯು ಅಂತ ಹೆಸರು. ನಮ್ಮ ಸಾಬಕ್ಕಿಯೂ ಇದೇ ಗೆಣಸಿನದು, ಆ ಗೆಣಸಿನ ಮೂಲವೂ ಆ ಕಡೆಯದೇ. ಗೋಡಂಬಿಯ ಗಿಡವನ್ನು ಪೋರ್ಚುಗೀಸರು ನಮಗೆ ತಂದುಕೊಟ್ಟದ್ದೂ ಬ್ರೆಜಿಲ್‌ನಿಂದ. ಅಜ್ಜಿಗೆ ಇದನ್ನೆಲ್ಲಾ ಹೇಳುವಷ್ಟು ಭಾಷೆ ನನಗೆ ಬರುವ ಹೊತ್ತಿಗೆ ಎರಡು ವರ್ಷ ಆಗಿತ್ತು. ಬನ್ನಿಗೆ ಮೊಟ್ಟೆ ಹಾಕಿರುತ್ತಾರೆ, ಗೊತ್ತಿರಲಿ. ನೀನು ಹಾಸ್ಟೆಲ್‌ನಲ್ಲಿ ಆಮ್ಲೆಟ್ ತಿಂದದ್ದು ನಮಗ್ಯಾರಿಗೂ ಗೊತ್ತಿಲ್ಲ ಅಂದ್ಕೊಂಡಿದ್ದೀಯ ಅಲ್ವಾ?

ಹೊಟ್ಟೆಯ ವಿಷಯ ಇಲ್ಲೇ ಮುಗಿಸಿಬಿಡುತ್ತೇನೆ. ಮಧ್ಯಾಹ್ನಕ್ಕೆ ತೂಕದ ಹೋಟೆಲಿಗೆ ಹೋಗು. ತಟ್ಟೆಗೆ ಬೇಕಾದ್ದು ಹಾಕಿಕೊಂಡು ತಕ್ಕಡಿ ಮೇಲಿಟ್ಟರೆ ಗ್ರಾಮಿನ ಲೆಕ್ಕದಲ್ಲಿ ಬಿಲ್ಲು. ಸಣ್ಣಗೆ ಹೆಚ್ಚಿ ಬಾಡಿಸಿದ ‘ಕೋವಿ’ ಅನ್ನುವ ಸೊಪ್ಪು ನಮ್ಮ ಸೊಪ್ಪಿನ ಪಲ್ಯದ ಅಣ್ಣ ಅನ್ನಬಹುದು. ಬೆಂಡೆಕಾಯಿ ಇದೆ. ಶುಶು ಅಂತ ಒಂದು ತರಕಾರಿ ಮಾರುತ್ತಾರೆ, ನೋಡಿದರೆ ನಮ್ಮ ಸೀಮೆಬದನೆ! ಸಾಂಬಾರಿಗೆ ತೊಂದರೆಯಿಲ್ಲ. ಆದರೆ "ನಾನು ಮಾಂಸ ತಿನ್ನಲ್ಲ" ಅಂತ ಮಾತ್ರ ಹೇಳಿ ಸುಮ್ಮನಾಗಬೇಡ. ‘ಕಾರ್ನಿ’ ಅಂದರೆ ಅಲ್ಲಿ ತುಂಬಾ ಜನರ ಮನಸ್ಸಿಗೆ ಬರುವುದು ದನದ ಮಾಂಸ ಒಂದೇ. ಪಾಪ, ಹಾಗಾದರೆ ಕೋಳಿ ತಿನ್ನು ಅಂತ ಪ್ರೀತಿಯಿಂದ ಬಡಿಸುತ್ತಾರೆ. ಕೋಳಿಯೂ ಬೇಡ, ಹಂದಿಯೂ ಬೇಡ ಅಂತ ಒಂದೊಂದೇ ಹೆಸರು ಹಿಡಿದು ಹೇಳು. ಕಾಳಿನ ಸಾರಿಗೆ ಕೊಬ್ಬು ಹಾಕಿದ್ದಾರಾ ಅಂತ ಕೇಳು. ನಗುತ್ತಾ ಕೇಳು, ಕೂತುಕೊಂಡು ಕೇಳು. ನಾನು ಮಾಡಿದ ಹಾಗೆ ಬಾಗಿಲಲ್ಲೇ ಅಲ್ಲ.

ಮಿನಾಸ್ ರಾಜ್ಯಕ್ಕೆ ಸಮುದ್ರ ಇಲ್ಲ. "ಸಮುದ್ರ ಇಲ್ಲದಿದ್ದರೆ ಬಾರಿಗೆ ಹೋಗೋಣ" ಅಂತ ಅವರ ಭಾಷೆಯಲ್ಲಿ ಪ್ರಾಸದ ಮಾತಿದೆ. ಅವರ ಬುಟೆಕು ಅಂದರೆ ನಮ್ಮ ಕತ್ತಲೆ ಬಾರು ಅಲ್ಲ. ಫುಟ್‌ಪಾತ್ ಮೇಲೆ ಮೇಜು ಕುರ್ಚಿ, ಅಪ್ಪ ಅಮ್ಮ ಮಕ್ಕಳು ಅಜ್ಜಿ ಎಲ್ಲರೂ ಇರುತ್ತಾರೆ. ನಾಯಿಯೂ ಇರುತ್ತದೆ. ತಿಂಡಿ ಮಾಡುವುದರಲ್ಲಿ ಬುಟೆಕುಗಳಿಗೇ ಪೈಪೋಟಿ ಇಟ್ಟು, 2000ದಲ್ಲಿ ಈ ಊರಿನಲ್ಲಿ ಶುರುವಾದ ಹಬ್ಬ ಈಗ ಬೇರೆ ಊರುಗಳಿಗೂ ಹರಡಿದೆ. ಬಿಯರು ಒಬ್ಬೊಬ್ಬರಿಗೆ ಒಂದೊಂದು ಅಂತ ತರಿಸುವುದಿಲ್ಲ. ಒಂದು ದೊಡ್ಡ ಬಾಟಲಿ ನಡುವೆ ಇಟ್ಟು, ಪುಟ್ಟ ಗಾಜಿನ ಲೋಟಗಳಿಗೆ ಹಂಚುತ್ತಾರೆ. ನಮ್ಮ ಚಹಾ ಅಂಗಡಿ ಲೋಟದ ಹಾಗೇ ಪಟ್ಟೆಪಟ್ಟೆ. ನಿನ್ನ ಲೋಟ ಖಾಲಿಯಾದರೆ ಪಕ್ಕದವನು ತುಂಬುತ್ತಾನೆ, ಅವನದು ಖಾಲಿಯಾದರೆ ನೀನು. ನೀನು ಕುಡಿಯುತ್ತೀಯೋ ಇಲ್ಲವೋ ನಾನು ಕೇಳುವುದಿಲ್ಲ. ಗ್ವಾರನಾ ಸೋಡಾ ಹಿಡಿದುಕೊಂಡು ಕೂತರೂ ಯಾರೂ ಏನೂ ಅನ್ನುವುದಿಲ್ಲ, ನಾನು ಆರು ವರ್ಷ ಹಾಗೇ ಕೂತಿದ್ದೆ. ಕುಡಿದರೆ ಗಾಡಿ ಮುಟ್ಟಬೇಡ. 2008ರಿಂದ ಅಲ್ಲಿಯ ಕಾನೂನು ಬಲು ಬಿಗಿ.

ಎಲ್ಲರೂ ಏಳುವ ಹೊತ್ತಿಗೆ ಒಬ್ಬ ‘ಸಾಯ್ದೇರ’ ಅನ್ನುತ್ತಾನೆ. ಹೊರಡುವ ಮುಂಚಿನ ಕೊನೆಯ ಬಾಟಲಿ ಅಂತ ಅರ್ಥ. ಅದಾದ ಮೇಲೆ ಇನ್ನೊಂದು ಕೊನೆಯದು ಬರುತ್ತದೆ. ನಮ್ಮಲ್ಲಿ "ಬರ್ತೀವಿ" ಅಂತ ಎದ್ದ ನೆಂಟರು ಗೇಟಿನ ಹತ್ತಿರ ಮುಕ್ಕಾಲು ಗಂಟೆ ನಿಲ್ಲುವುದಿಲ್ಲವಾ, ಹಾಗೇ. ಆಫೀಸಿನವರ ಮನಸ್ಸಿನ ಮಾತೆಲ್ಲಾ ಹೊರಗೆ ಬರುವುದು ಆ ಹೊತ್ತಿನಲ್ಲೇ. ನಾವಿಬ್ಬರೂ ಮೊದಲ ವರ್ಷ ಒಂಬತ್ತು ಗಂಟೆಗೆ ಗಡಿಯಾರ ನೋಡಿ ಎದ್ದುಬಿಡುತ್ತಿದ್ದೆವು. ಏನು ಅವಸರವಿತ್ತೋ. ಮನೆಗೆ ಬಂದು ಮೊಸರನ್ನ ತಿಂದು ಮಲಗುತ್ತಿದ್ದೆವು, ಅಷ್ಟೇ.

ಮುಟ್ಟುವುದರ ಬಗ್ಗೆ ಹೇಳಬೇಕು. ಹೆಂಗಸರು ಸಿಕ್ಕರೆ ಕೆನ್ನೆಗೆ ಕೆನ್ನೆ ತಾಗಿಸಿ ಗಾಳಿಯಲ್ಲಿ ಮುತ್ತಿನ ಸದ್ದು. ಸಾವೊ ಪೌಲೊದಲ್ಲಿ ಒಂದು, ರಿಯೊದಲ್ಲಿ ಎರಡು. ಮೂರನೆಯದು ಕೊಟ್ಟರೆ ಮದುವೆ ಆಗುತ್ತೆ ಅಂತ ತಮಾಷೆ. ಎಷ್ಟು ಅಂತ ಲೆಕ್ಕ ಹಾಕುತ್ತಾ ನಿಲ್ಲಬೇಡ, ಅವರು ನಿಲ್ಲಿಸಿದಾಗ ನೀನೂ ನಿಲ್ಲಿಸು. ಗಂಡಸರಾದರೆ ಅಪ್ಪಿಕೊಂಡು ಬೆನ್ನಿಗೆ ಎರಡು ಗುದ್ದು. ಹೆಬ್ಬೆರಳು ಎತ್ತಿದರೆ ‘ಎಲ್ಲಾ ಚೆನ್ನಾಗಿದೆ’ ಅಂತ. ಹೆಬ್ಬೆರಳು ತೋರುಬೆರಳು ಸೇರಿಸಿ ‘ಸೂಪರ್’ ಅಂತ ತೋರಿಸುತ್ತೀಯಲ್ಲ, ಅದನ್ನು ವಿಮಾನ ಹತ್ತುವ ಮುಂಚೆ ಮರೆತುಬಿಡು. ಅಲ್ಲಿ ಅದು ಹೊಲಸು ಬೈಗುಳ. ನಿಮ್ಮ ಚಿಕ್ಕಪ್ಪ ತರಕಾರಿ ಅಂಗಡಿಯವನಿಗೆ ತೋರಿಸಿ, ಆಮೇಲೆ ಅರ್ಥ ತಿಳಿದು, ಆ ಬೀದಿಗೆ ಒಂದು ತಿಂಗಳು ಹೋಗಲಿಲ್ಲ.

ಎಲ್ಲರನ್ನೂ ಹೆಸರು ಹಿಡಿದೇ ಕರೆಯುತ್ತಾರೆ. ಡಾಕ್ಟರನ್ನೂ, ಬಾಸನ್ನೂ. ಪೆಲೆಯ ಪೂರ್ತಿ ಹೆಸರು ಎದ್ಸನ್ ಅರಾಂತೆಸ್ ದೊ ನಾಸಿಮೆಂತೊ ಅಂತ, ಯಾರಾದರೂ ಕರೆದದ್ದು ಕೇಳಿದ್ದೀಯಾ? ಹಾಗಂತ ಹಿರಿಯರಿಗೆ ಏಕವಚನ ಬಿಸಾಡಬೇಡ. ನಮ್ಮ ‘ನೀವು’ ಇದ್ದ ಹಾಗೆ ಅವರಿಗೆ ‘ಸೆನ್ಯೋರ್’, ‘ಸೆನ್ಯೋರ’ ಇದೆ. ಹೆಸರಿನ ಮುಂದೆ ವಯಸ್ಸಾದ ಗಂಡಸಿಗೆ ‘ಸೆವು’, ಹೆಂಗಸಿಗೆ ‘ದೋನ’. ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಕೂತಿರುವ ಯಜಮಾನರಿಗೂ ‘ಸೆವು’ ಸೇರಿಸಿಯೇ ಮಾತಾಡಿಸು.

"ಒಂದ್ಸಲ ಮನೆಗೆ ಬಾ" ಅಂತ ಎಲ್ಲರೂ ಅನ್ನುತ್ತಾರೆ. ವಿಳಾಸ ಕೊಡುವುದಿಲ್ಲ. ಅದು ಸುಳ್ಳಲ್ಲ, ಕರೆಯೂ ಅಲ್ಲ. ನಾವು "ಊಟ ಮಾಡ್ಕೊಂಡು ಹೋಗಿ" ಅಂತೀವಲ್ಲ, ಅದೇ ಜಾತಿಯ ಮಾತು. ದಿನ, ಹೊತ್ತು, ಮನೆ ನಂಬರು ಮೂರೂ ಬಂದರೆ ನಿಜವಾದ ಕರೆ. ಎಂಟು ಗಂಟೆಗೆ ಅಂದರೆ ಎಂಟಕ್ಕೆ ಹೋಗಬೇಡ, ಮನೆಯವಳು ಸ್ನಾನಕ್ಕೆ ಹೋಗಿರುತ್ತಾಳೆ. ಆಫೀಸಿನ ಮೀಟಿಂಗಿಗೆ ಈ ಲೆಕ್ಕ ಹಾಕಬೇಡ ಮತ್ತೆ.

ಹುಟ್ಟುಹಬ್ಬಕ್ಕೆ ಕರೆದರೆ ತಪ್ಪಿಸಬೇಡ. ಮೇಜಿನ ಮೇಲೆ ಬ್ರಿಗಡೇರು ಉಂಡೆ ಸಾಲಾಗಿ ಇಟ್ಟಿರುತ್ತಾರೆ, ಮಂದಗೊಳಿಸಿದ ಹಾಲು ಮತ್ತು ಚಾಕಲೇಟು ಕಾಯಿಸಿ ಕಟ್ಟಿದ್ದು. ಹಾಡು ಮುಗಿಯುವವರೆಗೆ ಮುಟ್ಟುವ ಹಾಗಿಲ್ಲ. ಮಕ್ಕಳಂತೂ ನೈವೇದ್ಯ ಆಗಲಿ ಅಂತ ಕಾಯುವ ಹಾಗೇ ಕಾಯುತ್ತಿರುತ್ತವೆ. ಹಾಡಿನ ಕೊನೆಗೆ ಇವನನ್ನು ಯಾರು ಮದುವೆ ಆಗುತ್ತಾರೋ ಅಂತ ಚುಡಾಯಿಸುವ ಸಾಲುಗಳು ಬರುತ್ತವೆ. ನಿನ್ನ ಹುಟ್ಟುಹಬ್ಬಕ್ಕೆ ಸಿದ್ಧನಾಗಿರು. ನಿಮ್ಮಮ್ಮನಿಗೆ ಆ ವಿಡಿಯೊ ಕಳಿಸಬೇಡ.

ಫುಟ್‌ಬಾಲ್ ಬಗ್ಗೆ ಒಂದೇ ಮಾತು. ಮೊದಲ ದಿನವೇ "ಅಟ್ಲೆಟಿಕೊನಾ, ಕ್ರುಜೇರೊನಾ?" ಅಂತ ಕೇಳುತ್ತಾರೆ. ಊರಿನ ಎರಡು ದೊಡ್ಡ ತಂಡಗಳು. ಅವಸರದಲ್ಲಿ ಉತ್ತರ ಕೊಡಬೇಡ, ಆಮೇಲೆ ಬದಲಾಯಿಸಲು ಬರುವುದಿಲ್ಲ. 2014ರ ಜುಲೈ 8ರಂದು ಇದೇ ಊರಿನ ಮಿನೆಯ್ರಾಂವ್ ಕ್ರೀಡಾಂಗಣದಲ್ಲಿ ಬ್ರೆಜಿಲ್ ಜರ್ಮನಿಗೆ 7-1ರಿಂದ ಸೋತಿತು. ಆಗ ನಾವು ಅಜ್ಜಿಯ ಮನೆಯಲ್ಲಿದ್ದೆವು. ಅರ್ಧ ಗಂಟೆಯಾಗುವಷ್ಟರಲ್ಲಿ ಐದು ಗೋಲು. ಬೀದಿಯಲ್ಲಿ ಪಟಾಕಿ ಹೊಡೆಯುತ್ತಿದ್ದ ಹುಡುಗರು ಮೊದಲು ಬೈದರು, ಆಮೇಲೆ ನಕ್ಕರು, ಆಮೇಲೆ ಸುಮ್ಮನಾದರು. ಅಜ್ಜಿ ಟಿವಿಯ ಸದ್ದು ತೆಗೆದು, ಎದ್ದು ಹೋಗಿ ಬಟ್ಟೆಯಲ್ಲಿ ಕಾಫಿ ಸೋಸಿ ತಂದರು. ಯಾರೂ ಮಾತಾಡಲಿಲ್ಲ. ಯಾರೂ ಏಳಲೂ ಇಲ್ಲ. ಆ ಕಾಫಿಗೆ ಹಾಲಿಲ್ಲ, ಸಕ್ಕರೆ ಜಾಸ್ತಿ. ಈಗಲೂ ನಾಲಿಗೆ ಮೇಲಿದೆ. ಆ ಸೋಲಿನ ಬಗ್ಗೆ ಅವರೇ ಬೇಕಾದಷ್ಟು ಜೋಕು ಹೇಳುತ್ತಾರೆ, ನೀನು ಹೇಳಬೇಡ.

ಇನ್ನು ಸ್ವಲ್ಪ ಭಾರವಾದ ವಿಷಯ. ನಿನ್ನನ್ನು ನೋಡಿ ಅಲ್ಲಿಯವನೇ ಅಂದುಕೊಂಡು ಪೋರ್ಚುಗೀಸ್‌ನಲ್ಲಿ ಮಾತಾಡುತ್ತಾರೆ. ನಮ್ಮ ಬಣ್ಣದವರು ಅಲ್ಲಿ ಬೇಕಾದಷ್ಟು ಜನ. ಭಾರತ ಅಂದ ಕೂಡಲೇ ಕೆಲವರು "ಅರೇ ಬಾಬಾ!" ಅಂದುಬಿಟ್ಟಾರು. 2009ರಲ್ಲಿ ಗ್ಲೋಬೊ ಚಾನೆಲ್‌ನಲ್ಲಿ ರಾತ್ರಿ ಭಾರತದ ಕಥೆಯ ಧಾರಾವಾಹಿ ಬರುತ್ತಿತ್ತು. ದಲಿತ ಹುಡುಗ, ಮೇಲ್ಜಾತಿಯ ಹುಡುಗಿ. ಆ ವರ್ಷ ನನ್ನ ಸೀರೆ ಮುಟ್ಟಿ ನೋಡದ ಹೆಂಗಸು ಆ ಬೀದಿಯಲ್ಲಿ ಇರಲಿಲ್ಲ. "ನಿಮ್ಮಲ್ಲಿ ಈಗಲೂ ಜಾತಿ ಇದೆಯಾ?" ಅಂತ ಕೇಳುತ್ತಾರೆ. ನಾನು ಮೊದಮೊದಲು ಹಳ್ಳಿಗಳಲ್ಲಿ ಮಾತ್ರ ಅಂತ ಜಾರಿಕೊಳ್ಳುತ್ತಿದ್ದೆ. ನಾಚಿಕೆಗೇಡು. ನಮ್ಮ ತೋಟದ ಮನೆಯಲ್ಲೇ ಕೆಲಸದವರಿಗೆ ಬೇರೆ ಲೋಟ ಇದ್ದದ್ದು ನನಗೆ ಗೊತ್ತಿಲ್ಲವಾ? ನೀನು ಜಾರಿಕೊಳ್ಳಬೇಡ, ಇದ್ದದ್ದು ಹೇಳು. ಹೇಳಿದರೆ ಅವರೂ ತಮ್ಮದು ಹೇಳುತ್ತಾರೆ. ಅಪಾರ್ಟ್‌ಮೆಂಟುಗಳಲ್ಲಿ ಎರಡು ಲಿಫ್ಟು ನೋಡುತ್ತೀಯ, ಒಂದರ ಮೇಲೆ ‘ಸೊಸಿಯಾವ್’, ಅಂದರೆ ಮನೆಯವರಿಗೆ, ಇನ್ನೊಂದರ ಮೇಲೆ ‘ಸರ್ವಿಸು’, ಅಂದರೆ ಕೆಲಸದವರಿಗೆ. ಹಳೆಯ ಮನೆಗಳಲ್ಲಿ ಅಡುಗೆಮನೆ ಹಿಂದೆ ಕಿಟಕಿ ಸರಿಯಾಗಿಲ್ಲದ ಒಂದು ಚಿಕ್ಕ ಕೋಣೆ ಇರುತ್ತದೆ, ಕೆಲಸದವಳಿಗೆ. ಅಲ್ಲಿ ಗುಲಾಮಗಿರಿ ತೆಗೆದದ್ದು 1888ರಲ್ಲಿ, ಅಮೆರಿಕ ಖಂಡಗಳಲ್ಲೇ ಎಲ್ಲರಿಗಿಂತ ಕೊನೆಗೆ. ಮನೆಗೆಲಸದವರಿಗೆ ವಾರಕ್ಕೆ 44 ಗಂಟೆ ಅಂತ ಮಿತಿ ಬಂದದ್ದು 2013ರಲ್ಲಿ, ನಾವು ಅಲ್ಲಿದ್ದಾಗಲೇ. ಎಲ್ಲರೂ ಅಪ್ಪಿಕೊಳ್ಳುತ್ತಾರೆ ಅಂತ ಎಲ್ಲರೂ ಸಮ ಅಂದುಕೊಳ್ಳಬೇಡ. ಮನೆಗೆಲಸಕ್ಕೆ ಯಾರನ್ನಾದರೂ ಇಟ್ಟುಕೊಂಡರೆ ಅವರ ಕಾನೂನಿನ ಹಾಗೇ ಸಂಬಳ ಕೊಡು, ಒಂದೇ ಮೇಜಿನಲ್ಲಿ ಕೂತು ಊಟ ಮಾಡು.

ಬಚ್ಚಲಿನ ಎರಡು ಮಾತು. ಅವರು ದಿನಕ್ಕೆ ಎರಡು ಸಲ ಸ್ನಾನ ಮಾಡುತ್ತಾರೆ, ಮಧ್ಯಾಹ್ನದ ಊಟ ಆದ ಮೇಲೆ ಆಫೀಸಿನಲ್ಲೇ ಹಲ್ಲುಜ್ಜುತ್ತಾರೆ. ಒಂದು ಬ್ರಷ್ಷು ಡ್ರಾಯರಿನಲ್ಲಿ ಇಟ್ಟುಕೊ. ಶವರಿನ ತಲೆಯಲ್ಲೇ ಕರೆಂಟಿನ ಹೀಟರು ಇರುತ್ತದೆ, ವೈರು ಕಾಣುತ್ತಿರುತ್ತದೆ. ಮೊದಲ ದಿನ ನಾನು ಬಕೆಟ್ಟಿಗೇ ಶರಣು ಹೋಗಿದ್ದೆ. ನೀರು ಹರಿಯುವಾಗ ಅದರ ಬೇಸಿಗೆ-ಚಳಿಗಾಲದ ಗುಂಡಿ ತಿರುಗಿಸಬೇಡ.

ನಾನಿದ್ದಾಗ ಇಲ್ಲದ್ದು ಒಂದಿದೆ, ಪಿಕ್ಸ್. ನಮ್ಮ ಯುಪಿಐ ಥರ, 2020ರಲ್ಲಿ ಬಂತು. ಅದಕ್ಕೂ, ಸಿಮ್ಮಿಗೂ, ಮನೆ ಬಾಡಿಗೆಗೂ ಸಿಪಿಎಫ್ ಅನ್ನುವ ತೆರಿಗೆ ನಂಬರು ಬೇಕು, ನಮ್ಮ ಪ್ಯಾನ್ ಥರ. ಅಲ್ಲಿ ಇಳಿದ ಮೊದಲ ವಾರದಲ್ಲೇ ಮಾಡಿಸು. ಜೂನ್‌ನಲ್ಲಿ ಸಾಂವ್ ಜುವಾಂವ್ ಹಬ್ಬ ಬಿಡಬೇಡ. ಬೆಂಕಿ ಹಾಕಿ, ಹುಲ್ಲಿನ ಟೋಪಿ ಹಾಕಿಕೊಂಡು ಕುಣಿಯುತ್ತಾರೆ. ಮುಸುಕಿನ ಜೋಳದ ಸಿಪ್ಪೆಯಲ್ಲಿ ಕಟ್ಟಿ ಬೇಯಿಸಿದ ಪಮೋನ್ಯ ತಿಂದರೆ ನಿಮ್ಮಜ್ಜಿಯ ಎಲೆಕಡುಬು ನೆನಪಾಗುತ್ತದೆ.

ಆ ಕೆಳಗಿನ ಮನೆಯ ಅಜ್ಜಿ ಈಗಿಲ್ಲ. ಮಗಳು ಅದೇ ಮನೆಯಲ್ಲಿದ್ದಾಳೆ, ನೀನು ಬರುವುದನ್ನು ವಾಟ್ಸ್ಯಾಪ್‌ನಲ್ಲಿ ಹೇಳಿದ್ದೇನೆ. ಐದು ನಿಮಿಷದ ವಾಯ್ಸ್ ಮೆಸೇಜು ಕಳಿಸಿದ್ದಾಳೆ, ಅವರು ಟೈಪ್ ಮಾಡುವುದೇ ಕಮ್ಮಿ. ಮಿನಾಸ್‌ಗೆ ಕಾಫಿಪುಡಿ ಒಯ್ಯುವುದು ತೀರ್ಥಹಳ್ಳಿಗೆ ಅಡಿಕೆ ಒಯ್ದ ಹಾಗೆ. ಅದಕ್ಕೇ ನಮ್ಮ ಸ್ಟೀಲ್ ಫಿಲ್ಟರು ಒಂದು ಕೊಟ್ಟು ಕಳಿಸುತ್ತೇನೆ. ಅಜ್ಜಿ ನಮ್ಮ ಮನೆಗೆ ಬಂದಾಗಲೆಲ್ಲಾ ಅದನ್ನು ಎತ್ತಿ ಎತ್ತಿ ನೋಡುತ್ತಿದ್ದರು, ಕೊಡಬೇಕು ಅಂತ ನನಗೆ ಹೊಳೆಯಲೇ ಇಲ್ಲ. ಭಾನುವಾರ ಮಧ್ಯಾಹ್ನ ಹೋಗು. ಆವತ್ತು ಸಂಜೆಗೆ ಬೇರೆ ಏನೂ ಇಟ್ಟುಕೊಳ್ಳಬೇಡ.

ನಿನ್ನ ಪ್ರೀತಿಯ,
ಚಿಕ್ಕಮ್ಮ

ಮರೆತೆ: ರಜಕ್ಕೆ ಬರುವಾಗ ಹುಳಿ ಪೊಲ್ವಿಲ್ಯು ಎರಡು ಪ್ಯಾಕೆಟ್ ತಾ. ಇಲ್ಲಿಯ ಸಾಬಕ್ಕಿ ಪುಡಿ ಮಾಡಿ ಮಾಡಿದರೆ ಬನ್ನು ಉಬ್ಬುವುದೇ ಇಲ್ಲ.