ಅಗೆದ ಮೂಳೆಗಳನ್ನೆಲ್ಲ ತೊಳೆಯಬೇಡಿ

ಮಾನ್ಯ ಸಂಪಾದಕರೇ,

ಬಳ್ಳಾರಿ, ರಾಯಚೂರು ಕಡೆಯ ಬೂದಿದಿಬ್ಬಗಳಲ್ಲಿ (ಆಗಿನ ದನಗಾಹಿಗಳು ಸುಟ್ಟ ಸೆಗಣಿಯ ಗುಡ್ಡೆಗಳಲ್ಲಿ) ಸಾವಿರಾರು ವರ್ಷ ಹಿಂದಿನ ದನಗಳ ಮೂಳೆ ಸಿಕ್ಕಿವೆ. ಅವುಗಳಲ್ಲಿ ಡಿಎನ್‌ಎ ಉಳಿದಿದ್ದರೆ ನಮ್ಮ ನಾಟಿ ದನಗಳ ಮೂಲದ ಬಗ್ಗೆ ಎಷ್ಟೊಂದು ತಿಳಿಯಬಹುದು ಅಲ್ವಾ? ಸೈಬೀರಿಯಾದ ಹಿಮದಲ್ಲಿ ಹತ್ತು ಲಕ್ಷ ವರ್ಷಕ್ಕೂ ಹಳೆಯ ಮ್ಯಾಮತ್ (ಅಳಿದುಹೋದ ಆನೆ ಜಾತಿಯ ಪ್ರಾಣಿ) ಹಲ್ಲಿನಲ್ಲಿ ಡಿಎನ್‌ಎ ಉಳಿದಿತ್ತು. ನಮ್ಮ ಸೆಕೆಗೆ ಬೇಗ ಚೂರುಚೂರಾಗುತ್ತದೆ. ಉಳಿದ ಅಷ್ಟಿಷ್ಟನ್ನೂ ಅಗೆದ ಮೇಲೆ ನಾವೇ ಕಳೆದುಕೊಂಡರೆ ಹೇಗೆ?

2007ರಲ್ಲಿ ಪ್ರಕಟವಾದ ಒಂದು ಅಧ್ಯಯನ ನೋಡಿ. ಆರಾಕ್ಸ್ ಅನ್ನುವ, ಈಗ ಅಳಿದುಹೋಗಿರುವ ಕಾಡುದನ. 3200 ವರ್ಷ ಹಳೆಯ ಒಂದೇ ಪ್ರಾಣಿಯ ಮೂಳೆಗಳು. ಕೆಲವನ್ನು 1947ರಲ್ಲಿ ಅಗೆದು ಮ್ಯೂಸಿಯಂನಲ್ಲಿಟ್ಟಿದ್ದರು. ಉಳಿದವನ್ನು 2004ರಲ್ಲಿ ತೆಗೆದು ಜೋಪಾನವಾಗಿ ತಂಪಿನಲ್ಲಿಟ್ಟರು. ಹೊಸದಾಗಿ ತೆಗೆದವುಗಳಲ್ಲಿ ಡಿಎನ್‌ಎ ಸಿಕ್ಕಿತು. ಮ್ಯೂಸಿಯಂನಲ್ಲಿದ್ದವುಗಳಲ್ಲಿ ಸಿಗಲೇ ಇಲ್ಲ!

ಹಾಗಾಗಿ ಅಗೆಯುವವರಲ್ಲಿ ನನ್ನ ವಿನಂತಿ: ಸಿಕ್ಕ ಮೂಳೆಗಳನ್ನೆಲ್ಲ ನೀರಲ್ಲಿ ಅದ್ದಿ ಬ್ರಷ್‌ನಿಂದ ಉಜ್ಜಬೇಡಿ, ಉಳಿದ ಡಿಎನ್‌ಎಯೂ ಹಾಳಾಗುತ್ತದೆ. ಕೆಲವು ಹಲ್ಲು, ಒಳಗಿವಿಯ ಸುತ್ತಲಿನ ಗಟ್ಟಿ ಮೂಳೆ (ಡಿಎನ್‌ಎ ಜಾಸ್ತಿ ಉಳಿಯುವುದು ಅಲ್ಲೇ) ಕೈಗವಸು ಹಾಕಿ ಎತ್ತಿ, ಮಣ್ಣಿನ ಸಮೇತ ಫ್ರೀಜರ್‌ನಲ್ಲಿಡಿ. ಅಗೆಯಲು ಅನುಮತಿ ಕೊಡುವಾಗಲೇ ಪುರಾತತ್ವ ಇಲಾಖೆ ಈ ಷರತ್ತು ಹಾಕಲಿ.

– ಓದುಗ, ಬಳ್ಳಾರಿ