ಚಿಲ್ಲರೆ ಲೆಕ್ಕ ಅಂಗಡಿ ಕಟ್ಟೆ ಮೇಲೇ ಕಲಿಸಿ

ಮಾನ್ಯರೆ,

ಗುಳೇದಗುಡ್ಡದಲ್ಲಿ ನನ್ನದೊಂದು ಸಣ್ಣ ಕಿರಾಣಿ ಅಂಗಡಿ ಇದೆ. ಹೋದ ವಾರ ನಮ್ಮ ಓಣಿಯ ಹುಡುಗನೊಬ್ಬ ಬಂದ, ನಾಲ್ಕನೇ ತರಗತಿ. 63 ರೂಪಾಯಿ ಸಾಮಾನು ತಗೊಂಡು ನೂರರ ನೋಟು ಕೊಟ್ಟ. ನಾನು ಚಿಲ್ಲರೆ ಕೈಗೆ ಹಾಕಿ ಎಣಿಸಿಕೋ ಅಂದೆ. ಅವನು ಒಂದೊಂದಾಗಿ ಮುಟ್ಟಿ ನೋಡಿ "ನಾಕ ಅದಾವ್ರಿ ಕಾಕಾ" ಅಂದ. ಇಪ್ಪತ್ತರ ನೋಟು ಒಂದು, ಹತ್ತರದು ಒಂದು, ಐದರ ನಾಣ್ಯ ಒಂದು, ಎರಡರದು ಒಂದು. ನಾಲ್ಕು ಇದ್ದದ್ದೇನೋ ನಿಜ. ಒಟ್ಟು ಎಷ್ಟು ರೂಪಾಯಿ ಅಂತ ಕೇಳಿದರೆ ಸುಮ್ನೆ ನಿಂತ.

ಹುಡುಗ ದಡ್ಡನಲ್ಲ. ರದ್ದಿ ಕಾಗದದ ಮೇಲೆ ನೂರರಲ್ಲಿ 63 ಕಳೆ ಅಂತ ಬರೆದುಕೊಟ್ಟೆ, ಪಕ್ಕದ ಅಂಕಿಯಿಂದ ಕಡ ತಗೊಂಡು ಚಕಚಕ ಕಳೆದು 37 ಅಂತ ಬರೆದ. ಕಾಗದದ ಮೇಲಿನ ಆ 37 ತನ್ನ ಅಂಗೈಯಲ್ಲೇ ಇದೆ ಅನ್ನೋದನ್ನು ಮಾತ್ರ ಅವನಿಗೆ ಯಾರೂ ತೋರಿಸಿರಲಿಲ್ಲ.

ತೋರಿಸೋದಾದರೂ ಯಾವಾಗ? ಈಗ ಮನೆಯವರು ಮಕ್ಕಳ ಕೈಗೆ ಮೊಬೈಲ್ ಕೊಟ್ಟು ಕಳಿಸುತ್ತಾರೆ, ಇಲ್ಲವೇ ಕಾಕಾಗೆ ಆಮೇಲೆ ಹಾಕ್ತೇವಿ ಅಂತ ಹೇಳು ಅನ್ನುತ್ತಾರೆ. ಸ್ಕ್ಯಾನ್ ಮಾಡಿದರೆ ಡಬ್ಬಿ ಕೂಗುತ್ತದೆ, ಹುಡುಗ ಸಾಮಾನು ಹಿಡಿದು ಓಡುತ್ತಾನೆ. 2016ರಲ್ಲಿ ಯುಪಿಐ ಬಂದ ಮೇಲೆ ನಮ್ಮಂಥ ಸಣ್ಣ ವ್ಯಾಪಾರಿಗಳಿಗೂ ಅನುಕೂಲ ಆಗಿದೆ, ಅದು ಬೇಡ ಅಂತ ನಾನು ಹೇಳುತ್ತಿಲ್ಲ. ಆದರೆ ಐದನೇ ತರಗತಿ ದಾಟುವವರೆಗಾದರೂ ಮಕ್ಕಳನ್ನು ರೊಕ್ಕ ಕೊಟ್ಟೇ ಅಂಗಡಿಗೆ ಕಳಿಸಿ. ಕೈಯಿಂದ ನೋಟು ಹೋಗಿ ಬೇರೆ ನೋಟು ಬಂದಾಗಲೇ ಲೆಕ್ಕ ತಲೆಯಲ್ಲಿ ಕೂರುತ್ತದೆ.

ಇನ್ನೊಂದು ಮಾತು. ಶಾಲೆಯಲ್ಲಿ ಚಿಲ್ಲರೆ ಲೆಕ್ಕವನ್ನು ಕಳೆಯುವ ಲೆಕ್ಕ ಅಂತ ಹೇಳಿಕೊಡುತ್ತಾರೆ. ಆದರೆ ಗಲ್ಲಾ ಮೇಲೆ ಕುಳಿತವರು ಕಳೆಯೋದಿಲ್ಲ, ಕೂಡಿಸುತ್ತಾರೆ. ಸಾಮಾನು 63 ರೂಪಾಯಿ. ಎರಡರ ನಾಣ್ಯ ಇಟ್ಟು "ಅರವತ್ತೈದು" ಅನ್ನಬೇಕು, ಐದು ಇಟ್ಟು "ಎಪ್ಪತ್ತು", ಹತ್ತು ಇಟ್ಟು "ಎಂಬತ್ತು", ಇಪ್ಪತ್ತು ಇಟ್ಟು "ನೂರು". ಮುಗೀತು. ಕಡ ತರೋದು ಬೇಡ, ಪೆನ್ನು ಬೇಡ. ಮಕ್ಕಳು ಬಾಯಲ್ಲಿ ಹೇಳುತ್ತಾ ಕೈಯಲ್ಲಿ ಇಡುತ್ತಾ ಹೋದರೆ ಸಾಕು. ಆ ಹುಡುಗನಿಗೆ ಮೂರು ದಿನ ಹೀಗೆ ಮಾಡಿಸಿದೆ, ಈಗ ನಾನು ಚಿಲ್ಲರೆ ಇಡುವಾಗ ನನಗಿಂತ ಮುಂಚೆ ಅವನೇ ಹೇಳುತ್ತಾನೆ. ಒಮ್ಮೆ ಬೇಕಂತಲೇ ಐದು ಕಡಿಮೆ ಇಟ್ಟೆ, ಅವನು ಕೈ ಹಿಂದೆ ತಗೊಳ್ಳಲೇ ಇಲ್ಲ, ಹಾಗೇ ಚಾಚಿಕೊಂಡು ನಿಂತ. ನನಗಾದ ಖುಷಿ ಅಷ್ಟಿಷ್ಟಲ್ಲ.

ಇದಾದ ಮೇಲೆ ಕಲಿಸಬೇಕಾದ್ದು ಮೇಲೆ ಕೊಡುವ ಲೆಕ್ಕ. 63 ಆದಾಗ ನಾವು "ಮ್ಯಾಲ ಮೂರು ರೂಪಾಯಿ ಐತೇನು" ಅಂತ ಕೇಳುತ್ತೇವಲ್ಲ, ಮಕ್ಕಳು ಅಲ್ಲಿ ಗಾಬರಿ ಆಗುತ್ತಾರೆ. ನೂರು ಕೊಟ್ಟಾಗಿದೆ, ಇನ್ನೂ ಯಾಕೆ ಕೇಳ್ತಾರೆ ಅಂತ. ನನ್ನ ಮಗಳು ಚಿಕ್ಕವಳಿದ್ದಾಗ ಇದೇ ಕಾರಣಕ್ಕೆ ಸಂತೆಯಲ್ಲಿ ಅತ್ತಿದ್ದಳು, ಮೋಸ ಮಾಡುತ್ತಿದ್ದಾರೆ ಅಂದುಕೊಂಡು. ಆ ಮೂರನ್ನು ಮೊದಲು 63ರಲ್ಲಿ ತೀರಿಸಿಬಿಡು, ಉಳಿದದ್ದು 60, ಅಲ್ಲಿಂದ ನೂರಕ್ಕೆ 40 ಅಂತ ನಾಣ್ಯ ಇಟ್ಟು ತೋರಿಸಿದ ಮೇಲೆ ಅವಳಿಗೆ ತಿಳೀತು.

ಪುಸ್ತಕದಲ್ಲಿ ಅಚ್ಚು ಹಾಕಿದ ನೋಟಿನ ಚಿತ್ರಕ್ಕಿಂತ ನಿಜವಾದ ರೊಕ್ಕ ಮಕ್ಕಳ ಕೈಗೆ ಕೊಡಬೇಕು. ಹೊಸ ಐವತ್ತರ ನೋಟಿನ ಹಿಂದೆ ಹಂಪಿಯ ಕಲ್ಲಿನ ರಥ ಇದೆ. ಹಿಂಬದಿಯಲ್ಲೇ 15 ಭಾಷೆಗಳ ಸಾಲು ಇದೆ, ಮೇಲಿಂದ ನಾಲ್ಕನೆಯದು ಕನ್ನಡ. ಓದಲು ಬರುವ ಮಗು ಅದನ್ನು ತಾನೇ ಓದಿ ಹೇಳಲಿ. ನಾಣ್ಯದಲ್ಲಿ ಮಾತ್ರ ಜಾಗ್ರತೆ ಬೇಕು. ಹಳೇ ಎರಡರ ನಾಣ್ಯಗಳಲ್ಲಿ ಕೆಲವು ಐದರ ನಾಣ್ಯಕ್ಕಿಂತ ಅಗಲ ಇವೆ, ಸಣ್ಣ ಮಕ್ಕಳು ದೊಡ್ಡದಕ್ಕೇ ಜಾಸ್ತಿ ಬೆಲೆ ಅಂದುಕೊಳ್ಳುತ್ತಾರೆ. 2019ರಲ್ಲಿ ಬಂದ ನಾಣ್ಯಗಳಲ್ಲಿ ಒಂದರಿಂದ ಹತ್ತರವರೆಗೆ ಬೆಲೆ ಏರಿದಂತೆ ಗಾತ್ರವೂ ಏರುತ್ತದೆ, ಮೊದಲು ಅವನ್ನೇ ಆರಿಸಿ ಕೊಟ್ಟರೆ ಒಳ್ಳೇದು.

ನನ್ನ ಜೊತೆಯ ವ್ಯಾಪಾರಿಗಳಿಗೂ ಒಂದು ಮಾತು ಹೇಳಬೇಕು. ಒಂದೆರಡು ರೂಪಾಯಿ ಚಿಲ್ಲರೆ ಇಲ್ಲ ಅಂತ ಮಕ್ಕಳ ಕೈಗೆ ಚಾಕಲೇಟ್ ತುರುಕಬೇಡಿ. ನಾನೂ ಎಷ್ಟೋ ವರ್ಷ ಹಾಗೇ ಮಾಡಿದ್ದೇನೆ, ಅದು ತಪ್ಪು. ಮನೆಗೆ ಹೋಗಿ ಲೆಕ್ಕ ಒಪ್ಪಿಸಬೇಕಾದ ಮಗುವಿಗೆ ನಾವೇ ಲೆಕ್ಕ ತಪ್ಪಿಸಿ ಕಳಿಸಿದ ಹಾಗೆ. ಹತ್ತರ ನಾಣ್ಯ ನಡೆಯೋದಿಲ್ಲ ಅಂತ ಮಕ್ಕಳನ್ನು ವಾಪಸ್ ಕಳಿಸೋದೂ ನಿಲ್ಲಬೇಕು. ಆ ನಾಣ್ಯದ 14 ವಿನ್ಯಾಸಗಳೂ ಚಾಲ್ತಿಯಲ್ಲಿವೆ ಅಂತ ರಿಸರ್ವ್ ಬ್ಯಾಂಕ್ 2018ರಲ್ಲೇ ಹೇಳಿದೆ.

ಮನೆಯಲ್ಲಿ ಹಿರಿಯರಿದ್ದರೆ ಸಂತೆಯ ಮಾತೂ ಕಲಿಸಲಿ. ದೀಡ ನೂರು ಅಂದರೆ 150, ಅಡೀಚ ನೂರು ಅಂದರೆ 250. ಇದು ಗೊತ್ತಿಲ್ಲದ ಮಗು ನಮ್ಮ ಕಡೆ ಸಂತೆಯಲ್ಲಿ ಕಕ್ಕಾಬಿಕ್ಕಿ ಆಗುತ್ತದೆ. ಬನದ ಹುಣ್ಣಿಮೆಗೆ ಬಾದಾಮಿ ಬನಶಂಕರಿ ಜಾತ್ರೆಗೆ ಹೋಗುವಾಗ ಮಕ್ಕಳಿಗೆ ಬಂದಾ ನೋಟು ಕೊಡಬೇಡಿ. ಹತ್ತು, ಇಪ್ಪತ್ತಾಗಿ ಮುರಿಸಿ ಕೊಡಿ, ಸಂಜೆ ಉಳಿದದ್ದನ್ನು ಅವರೇ ಎಣಿಸಿ ಹೇಳಲಿ. ಎಷ್ಟು ಖರ್ಚಾಯ್ತು ಅಂತ ಬೈಯಬೇಡಿ, ಬೈದರೆ ಮುಂದೆ ಸುಳ್ಳು ಲೆಕ್ಕ ಹೇಳುತ್ತಾರೆ.

ಸರ್ಕಾರಿ ಶಾಲೆಗಳಲ್ಲಿ ಮಕ್ಕಳ ಸಂತೆ ಮಾಡುತ್ತಾರೆ, ಬಹಳ ಒಳ್ಳೆಯ ಕೆಲಸ. ಆದರೆ ನಾನು ನೋಡಿದ ಕಡೆಯಲ್ಲೆಲ್ಲ ಮುಂದೆ ಮಗು ಮೆಂತ್ಯೆ ಸೊಪ್ಪು ಹಿಡಿದು ಕೂಗುತ್ತದೆ, ಹಿಂದೆ ನಿಂತ ತಾಯಿಯೋ ಅಣ್ಣನೋ ಚಿಲ್ಲರೆ ಎಣಿಸುತ್ತಾರೆ. ದಯವಿಟ್ಟು ರೊಕ್ಕದ ಡಬ್ಬಿ ಮಗುವಿನ ಹತ್ತಿರವೇ ಇರಲಿ. ತಪ್ಪಿದರೆ ಐದು ಹತ್ತು ರೂಪಾಯಿ ತಪ್ಪುತ್ತದೆ. ವರ್ಷಕ್ಕೊಂದು ಸಂತೆ ಸಾಲದು ಕೂಡ, ತಿಂಗಳಿಗೊಂದು ಶನಿವಾರ ತರಗತಿಯ ಒಳಗೇ ಅಂಗಡಿ ಹಾಕಿಸಬಹುದು, ಅಲ್ವಾ?

ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ನನ್ನ ಅಂಗಡಿಯಲ್ಲಿ ಗಿರಾಕಿ ಕಡಿಮೆ. ನಮ್ಮೂರಿನ ಯಾವ ಶಾಲೆಯ ಮಾಸ್ತರರಾದರೂ ಟೀಚರಾದರೂ ಹತ್ತು ಹನ್ನೆರಡು ಮಕ್ಕಳನ್ನು ಕರೆದುಕೊಂಡು ಬರಲಿ. ಗಲ್ಲಾದಲ್ಲಿದ್ದ ಚಿಲ್ಲರೆಯನ್ನೆಲ್ಲ ಚಾಪೆ ಮೇಲೆ ಸುರಿದು ಅವರ ಜೊತೆ ನಾನೂ ಕೂರುತ್ತೇನೆ.

– ಒಬ್ಬ ಕಿರಾಣಿ ವ್ಯಾಪಾರಿ, ಗುಳೇದಗುಡ್ಡ, ಬಾಗಲಕೋಟೆ ಜಿಲ್ಲೆ