ಜಗಲಿಗೆ ಕಂಬ ಎಷ್ಟಿತ್ತು?

ಮಗಳೇ,

ಭಾನುವಾರ ರಾತ್ರಿ ನೀನು ಫೋನ್ ಇಟ್ಟ ಮೇಲೆ ಎರಡು ಸಲ ಮಾಡಿದೆ. ಎತ್ತಲಿಲ್ಲ. ಇರಲಿ. ವಾಟ್ಸಾಪಿನಲ್ಲಿ ಬರೆದರೆ ಒಂದು ಹೆಬ್ಬೆರಳು ಒತ್ತಿ ಮುಗಿಸುತ್ತೀಯ, ಅದಕ್ಕೇ ಕಾಗದ. ಅಂಗಡಿಯಲ್ಲಿ ಕೂತು ಬರೆಯುತ್ತಿದ್ದೇನೆ, ಗಿರಾಕಿ ಬಂದಾಗ ಮಾತು ಎಲ್ಲಿಂದೆಲ್ಲಿಗೋ ಹಾರಿದರೆ ಬೈಯಬೇಡ.

ಮನೆ ಕೆಡವುವುದನ್ನು ನಿನಗೆ ಹೇಳಲಿಲ್ಲ. ಹೌದು. ನಿನ್ನ ಮಾವ ಗ್ರೂಪಿನಲ್ಲಿ ಫೋಟೋ ಹಾಕುತ್ತಾನೆ ಅಂತ ಗೊತ್ತಿದ್ದರೆ ಮೊದಲೇ ಹೇಳುತ್ತಿದ್ದೆನಾ? ಅದೂ ಗ್ಯಾರಂಟಿ ಇಲ್ಲ. ಹೆದ್ದಾರಿ ಆರು ಪಥ ಆಗುವಾಗ ಅಂಗಳ, ಬಾವಿಕಟ್ಟೆ, ನಾಲ್ಕು ತೆಂಗು ಹೋದದ್ದು ನೀನೇ ನೋಡಿದ್ದೀಯ. ಆಮೇಲೆ ಮನೆ ಸರ್ವಿಸ್ ರೋಡಿಗೆ ಮುಖ ಕೊಟ್ಟು ನಿಂತಿತ್ತು. ಲಾರಿ ಹೋದಾಗಲೆಲ್ಲ ಹಂಚು ಗಲಗಲ. ಈ ಮಳೆಗಾಲದಲ್ಲಿ ಪಡುಗೋಡೆ ಬಿರುಕು ಬಿಟ್ಟಿತು. ಮುರಕಲ್ಲಿನ ಗೋಡೆ, ಗಾರೆ ಉದುರಿ ನೀರು ಕುಡಿಯಲು ಶುರು ಮಾಡಿದರೆ ಮತ್ತೆ ಏನು ಮಾಡಿದರೂ ನಿಲ್ಲುವುದಿಲ್ಲ. ಅಜ್ಜಿಯ ಕೋಣೆಯ ವಿಷಯ ಬರೆಯುವುದಿಲ್ಲ, ನಿನಗೂ ಗೊತ್ತು.

"ಕಂಬ ಏನಾಯ್ತು ಅಪ್ಪಾ?" ಅಂತ ಕೇಳಿದೆ. ನಾನು ಸುಮ್ಮನಾದೆ. ಹಳೆ ಮರದ ವ್ಯಾಪಾರಿಗೆ ಕೊಟ್ಟೆ ಮಗಳೇ. ಕಂಬ, ದಾರಂದ, ಮುಚ್ಚಿಗೆ, ಎಲ್ಲ. ಒಂದೇ ಟೆಂಪೋದಲ್ಲಿ ಹೋಯಿತು.

ಇದನ್ನು ನಿನಗೆ ಹೇಳಲು ಬಾಯಿ ಬಾರದ್ದಕ್ಕೆ ಕಾರಣ ಅಹಮದಾಬಾದ್. ನಾನು ಬಂದಿದ್ದಾಗ ಆ ಪೋಳದ, ಅಂದರೆ ಹಳೆ ಕೇರಿಯ, ಓಣಿಯಲ್ಲಿ ಒಂದು ಮನೆ ತೋರಿಸಿದ್ದೆಯಲ್ಲ, ಎದುರಿನ ಕೆತ್ತನೆಯನ್ನೆಲ್ಲ ಕಿತ್ತು ಮಾರಿ, ಬರೀ ಇಟ್ಟಿಗೆ ಕಾಣುವ ಮನೆ. "ನೋಡು ಅಪ್ಪಾ, ಹಲ್ಲು ಕಿತ್ತ ಬಾಯಿಯ ಹಾಗೆ" ಅಂದಿದ್ದೆ. 2017ರಲ್ಲಿ ಯುನೆಸ್ಕೋ ಆ ಕೋಟೆಯೊಳಗಿನ ಪೇಟೆಯನ್ನು ಇಡಿಯಾಗಿ ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿತು, ಭಾರತದಲ್ಲೇ ಮೊದಲ ಊರು ಅದು, ಆದರೂ ಹಳೆ ಸಾಮಾನಿನವರು ಮನೆ ಮನೆ ಬಾಗಿಲಿಗೆ ಬರುತ್ತಾರೆ ಅಂತ ನೀನು ಸಿಟ್ಟಿನಲ್ಲಿ ಹೇಳಿದ್ದೆ. ಮಾರಿದವರನ್ನು ನಾನೂ ನಿನ್ನ ಜೊತೆ ಸೇರಿ ಬೈದೆ. ಈಗ ಹೇಳು, ಯಾವ ಮುಖ ಇಟ್ಟುಕೊಂಡು ಫೋನ್ ಮಾಡಲಿ?

ಆ ನಾಲ್ಕು ದಿನ ನಾನು ತುಂಬ ಮಾತಾಡಲಿಲ್ಲ, ಆದರೆ ನೋಡುತ್ತಿದ್ದೆ. ಮಾಣೆಕ್ ಚೌಕದಲ್ಲಿ ಬೆಳಿಗ್ಗೆ ತರಕಾರಿ, ಹಗಲು ಚಿನ್ನ ಬೆಳ್ಳಿ, ರಾತ್ರಿ ತಿಂಡಿ ಗಾಡಿ. ನಾನು ಅಂಗಡಿಯವನು, ಬಾಡಿಗೆ ಯಾರು ಯಾರಿಗೆ ಕೊಡುತ್ತಾರೆ ಅಂತಲೇ ತಲೆ ಓಡುತ್ತಿತ್ತು. ನೀನು ಯಾರದೋ ಮನೆಯ ಓಟಲದ ಮೇಲೆ, ಅದೇ ನಮ್ಮ ಜಗಲಿ, ಹೇಳದೆ ಕೇಳದೆ ಕೂತು ಪೆನ್ನು ತೆಗೆದೆ. ಒಳಗಿಂದ ಹೆಂಗಸು ಬಂದಾಗ ನನ್ನ ಎದೆ ಧಸಕ್ಕೆಂದಿತು. ಅವರು ಚಹಾ ತಂದಿದ್ದರು. ಹಕ್ಕಿಗೆ ಕಾಳು ಹಾಕುವ ಆ ಎತ್ತರದ ಚಬೂತರೊ ಬಿಡಿಸಿದೆ, ಪಕ್ಕದಲ್ಲಿ ಸ್ಕೂಟರ್, ಒಣಗಿದ ಬನಿಯನ್, ಗೊಂಚಲು ಗೊಂಚಲು ಕರೆಂಟ್ ವಯರು. ವಯರು ಬಿಡಬಹುದಲ್ವಾ ಅಂದೆ ನಾನು. "ವಯರು ಬಿಟ್ರೆ ಅದು ಕ್ಯಾಲೆಂಡರ್ ಆಗ್ತದೆ" ಅಂದೆ ನೀನು.

ಸಿದಿ ಸಯ್ಯದ್ ಮಸೀದಿಯ ಹತ್ತಿರವೂ ಹಾಗೇ. ಕಲ್ಲಿನಲ್ಲಿ ಮರದ ಕೊಂಬೆ ಕೆತ್ತಿದ ಜಾಲಿ ಕಿಟಕಿ, ಜಗತ್ತೇ ಬಂದು ನೋಡುತ್ತದೆ, ನೀನು ಅದಕ್ಕೆ ಬೆನ್ನು ಹಾಕಿ ರಸ್ತೆ ಕಡೆ ಕೂತೆ. ನಾನು ಬೈದೆ. "ಜಾಲಿ 450 ವರ್ಷದಿಂದ ಇದೆ, ನಾಳೆಯೂ ಇರ್ತದೆ. ಈ ಚಹಾ ಗಾಡಿ ಇರ್ಲಿಕ್ಕಿಲ್ಲ" ಅಂದೆ ನೀನು. ಆಗ ನಗು ಬಂದಿತ್ತು.

ಈಗ ಕುಂಬಳೆ ಪೇಟೆಯ ವಿಷಯ. ನೀನು ಮರೆತಿದ್ದೀಯೋ ಏನೋ, ನಾನು ಮರೆತಿಲ್ಲ. ನೀನು ಒಂಬತ್ತನೇ ಕ್ಲಾಸು. ಶನಿವಾರ. ಬಸ್‌ ಸ್ಟ್ಯಾಂಡಿನ ಎದುರಿನ ಹಂಚಿನ ಅಂಗಡಿ ಸಾಲನ್ನು ನೀನು ಮೆಟ್ಟಿಲಲ್ಲಿ ಕೂತು ಬಿಡಿಸುತ್ತಿದ್ದೆ. ಸುತ್ತ ಎಂಟು ಹತ್ತು ಜನ ಗಂಡಸರು. ನಾನು ಬಸ್ಸಿನಿಂದಲೇ ನೋಡಿದೆ. ಇಳಿದು, ಒಂದು ಮಾತೂ ಕೇಳದೆ, ರಟ್ಟೆ ಹಿಡಿದು ಎಳೆದೆ. ಶಾಯಿ ಕುಪ್ಪಿ ಉರುಳಿತು. ಅವರು ಕೆಟ್ಟವರಾಗಿರಲಿಲ್ಲ. ಅದರಲ್ಲಿ ಒಬ್ಬ ಮೀನಿನವನು "ಮೇಷ್ಟ್ರ ಅಂಗಡಿ ಬೋರ್ಡು ಸರಿ ಬಂದಿದೆ" ಅನ್ನುತ್ತಿದ್ದ, ನನಗೆ ಕೇಳಿಸಿತ್ತು. ಕೇಳಿಸಿಯೂ ಎಳೆದೆ. ಬಂದ್ಯೋಡಿನವರೆಗೆ ಬಸ್ಸಿನಲ್ಲಿ ನೀನು ಮಾತಾಡಲಿಲ್ಲ, ಅಂಗಿಯ ಮೇಲಿನ ಶಾಯಿ ಉಜ್ಜುತ್ತಾ ಕೂತಿದ್ದೆ. ಎಂಟು ಹತ್ತು ಜನ. ಕೆಲವೊಮ್ಮೆ ಆರು ಇರಬಹುದು ಅನ್ನಿಸುತ್ತದೆ. ಆರು ಆದರೆ ಏನು, ಹತ್ತು ಆದರೆ ಏನು. ಅವರಲ್ಲಿ ಯಾರೂ ನಿನ್ನನ್ನು ಮುಟ್ಟಿರಲಿಲ್ಲ, ಮುಟ್ಟಿದ್ದು ನಾನೊಬ್ಬನೇ.

ಆ ಹಾಳೆ ನನ್ನ ಹತ್ತಿರ ಇದೆ. ನೀನು ಕಸದ ಬುಟ್ಟಿಗೆ ಹಾಕಿದ್ದೆ, ನಾನು ಸಾಲದ ಪುಸ್ತಕದೊಳಗೆ ಇಟ್ಟೆ. ಎರಡೂವರೆ ಅಂಗಡಿ ಇದೆ. ಮೂರನೆಯದರ ಮಾಡಿನಿಂದ ಒಂದು ಗೆರೆ ಜರ್ರನೆ ಹಾಳೆಯ ಅಂಚಿಗೆ ಹೋಗಿದೆ, ಅದು ನಾನು ಎಳೆದದ್ದು. ಆ ಅಂಗಡಿ ಸಾಲು ಈಗ ಇಲ್ಲ. ಆ ಮೀನಿನವನಿಗೆ ಹೋದ ತಿಂಗಳು ತೋರಿಸಿದೆ, ಫೋನಿನಲ್ಲಿ ಫೋಟೋ ತೆಗೆದುಕೊಂಡ.

ನೀನು ಈಗಲೂ ರಸ್ತೆಬದಿ ಒಬ್ಬಳೇ ಕೂರುತ್ತೀಯ ಅಂತ ಗೊತ್ತಿದ್ದೇ ಹೇಳುತ್ತೇನೆ: ಬೆನ್ನಿಗೆ ಗೋಡೆ ಇರಲಿ. ಬ್ಯಾಗಿನ ಪಟ್ಟಿ ಕಾಲಿಗೆ ಸುತ್ತಿಕೋ. ಮೇ ತಿಂಗಳಲ್ಲಿ ಅಲ್ಲಿ 43, 44 ಡಿಗ್ರಿ ಸುಡುತ್ತದೆ, ಬೆಳಿಗ್ಗೆ ಒಂಬತ್ತಕ್ಕೆ ಮುಗಿಸಿ ಎದ್ದುಬಿಡು. ಪ್ರತಿ ಹಾಳೆಗೂ ತಾರೀಕು ಹಾಕು, ಓಣಿಯ ಹೆಸರು ಬರೆ, ಮನೆಯವರನ್ನು ಕೇಳಿಯೇ ಕೂತುಕೋ, ಊಟ ಬಿಡಬೇಡ, ಆಫೀಸಿಗೆ ಸುಮ್ನೆ ರಜೆ ಹಾಕಬೇಡ, ಸಂಬಳ ಇದ್ದರೆ ತಾನೇ ಬಣ್ಣ, ಪುಸ್ತಕ... ನೋಡು, ಉಪದೇಶ ಮಾಡುವುದಿಲ್ಲ ಅಂತ ಅಮ್ಮನಿಗೆ ಮಾತು ಕೊಟ್ಟು ಕೂತವನು ನಾನು.

ಅಮ್ಮನಿಗೂ ನನಗೂ ಬೇರೊಂದು ಜಗಳ ಆಗಿದೆ. ನೀನು ಫೋನ್ ಇಟ್ಟ ರಾತ್ರಿ ನಿದ್ದೆ ಬಾರದೆ ಬಿಲ್ಲಿನ ಹಿಂಬದಿಯಲ್ಲಿ ಮನೆ ಬಿಡಿಸಲು ಹೊರಟೆ. ಐವತ್ತೆಂಟು ವರ್ಷ ಬದುಕಿದ ಮನೆ. ಮಾಡು ಬಂತು, ಮೆಟ್ಟಿಲು ಬಂತು, ಜಗಲಿಗೆ ಬಂದಾಗ ಕೈ ನಿಂತಿತು. ಕಂಬ ನಾಲ್ಕೋ ಐದೋ? ನಾಲ್ಕು ಅಂತ ನಾನು. ಐದು, ತುದಿಯದಕ್ಕೆ ದನ ಕಟ್ಟುತ್ತಿದ್ದೆವು ಅಂತ ಅಮ್ಮ.

ನಿನ್ನೆ ಅಂಗಡಿ ಮುಚ್ಚಿ ಆ ವ್ಯಾಪಾರಿಯ ಶೆಡ್ಡಿಗೆ ಹೋದೆ. ಟಾರ್ಪಾಲಿನಡಿ ಮಲಗಿಸಿದ್ದಾನೆ, ಇನ್ನೂ ಸಾಗಿಸಿಲ್ಲ. ಐದು. ಒಂದರ ಬುಡದಲ್ಲಿ ಹಗ್ಗ ಉಜ್ಜಿದ ಗುರುತೂ ಇದೆ. ಅದೊಂದನ್ನು ವಾಪಸ್ ಕೊಡು ಅಂದರೆ ಕೊಟ್ಟ ರೇಟಿನ ಮೂರರಷ್ಟು ಕೇಳುತ್ತಾನೆ ಕಳ್ಳ. ಎರಡರಷ್ಟಕ್ಕೆ ಇಳಿಸಿದ್ದೇನೆ. ನಾಳೆ ಮತ್ತೆ ಹೋಗುತ್ತೇನೆ.

ಫೋನ್ ಎತ್ತು.

ಅಪ್ಪ